ಪರ್ಮಿಷನ್ ಡಿನೈಡ್: ನಮ್ಮ ಲ್ಯಾಬಿನ ಐದು ದಿನ

ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ನಮಗೆಲ್ಲ ಚೆನ್ನಾಗಿ ಪರಿಚಯವಿರುವ ಎರಡು ಪದಗಳು ಪರ್ಮಿಷನ್ ಡಿನೈಡ್. ಅನುಮತಿ ಇಲ್ಲ, ಅಷ್ಟೇ. ಯಾರು ಇಲ್ಲ ಅಂದರು, ಯಾಕೆ ಅಂದರು, ಯಾರ ಹತ್ತಿರ ಹೋಗಿ ಕೇಳಬೇಕು, ಇದ್ಯಾವುದನ್ನೂ ಆ ಸಾಲು ಹೇಳುವುದಿಲ್ಲ. ಒಂದೇ ಕಂಪ್ಯೂಟರಿನಲ್ಲಿ ಬಂದರೆ ಹೇಗೋ ಹುಡುಕಬಹುದು. ಒಂದು ಕಂಪ್ಯೂಟರಿನ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಇನ್ನೊಂದರಲ್ಲಿ ತೆರೆಯುವಾಗ ಬಂದರೆ, ಇಲ್ಲ ಅಂದದ್ದು ಈ ಕಂಪ್ಯೂಟರೋ ಆ ಕಂಪ್ಯೂಟರೋ ಅನ್ನುವುದೇ ಮೊದಲ ಪ್ರಶ್ನೆ. ಜನವರಿಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆಗೆ ಒಂದು ವಾರ ಇರುವಾಗ ನಮ್ಮ ಲ್ಯಾಬಿನಲ್ಲಿ ಇದೇ ಆಯಿತು. ಐದು ದಿನ ಲ್ಯಾಬ್ ಸರ್ ಪಕ್ಕದಲ್ಲಿ ಕೂತು ನೋಡಿದ್ದನ್ನು, ಮುಂದಿನ ಬ್ಯಾಚಿನವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಆರ್ಟ್ಸ್, ಕಾಮರ್ಸ್‌ನವರು ದಯವಿಟ್ಟು ಪುಟ ತಿರುಗಿಸಬೇಡಿ. ಇದರಲ್ಲಿ ಗಣಿತ ಇಲ್ಲ.

ಮೊದಲು ನಮ್ಮ ಲ್ಯಾಬಿನ ವ್ಯವಸ್ಥೆ. 24 ಕಂಪ್ಯೂಟರುಗಳು, ಎಲ್ಲದರಲ್ಲೂ ಉಬುಂಟು ಲಿನಕ್ಸ್. ಇವತ್ತು 5ನೇ ನಂಬರಿನಲ್ಲಿ ಕೂತವರು ನಾಳೆ 17ರಲ್ಲಿ ಕೂರುತ್ತೇವೆ. ಆದ್ದರಿಂದ ಯಾರ ಪ್ರೋಗ್ರಾಮೂ ಅವರವರ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಮೂಲೆಯ ಟೇಬಲ್ಲಿನ ಕೆಳಗೆ ಮಾನಿಟರ್ ಇಲ್ಲದ ಒಂದು ಹಳೆಯ ಸಿಪಿಯು ಇದೆಯಲ್ಲ, ಅದೇ ಸರ್ವರ್. ಅದರಲ್ಲಿರುವ ರೆಕಾರ್ಡ್ಸ್ ಎಂಬ ಫೋಲ್ಡರ್ ಎಲ್ಲ ಕಂಪ್ಯೂಟರಿನಲ್ಲೂ ಕಾಣುತ್ತದೆ. ಹೀಗೆ ದೂರದ ಫೋಲ್ಡರನ್ನು ತಂದು ನಮ್ಮ ಕಂಪ್ಯೂಟರಿನ ಒಂದು ಖಾಲಿ ಫೋಲ್ಡರಿಗೆ ಅಂಟಿಸುವುದನ್ನೇ ಮೌಂಟ್ ಮಾಡುವುದು ಎನ್ನುತ್ತಾರೆ. ವಿಂಡೋಸ್‌ನಲ್ಲಿ ಸಿ ಡ್ರೈವ್, ಡಿ ಡ್ರೈವ್ ಎಂದು ಬೇರೆ ಬೇರೆ ಇರುತ್ತವೆ. ಲಿನಕ್ಸ್‌ನಲ್ಲಿ ಇರುವುದು ಒಂದೇ ಮರ; ಬೇರೆ ಡಿಸ್ಕ್ ಬಂದರೂ, ಬೇರೆ ಕಂಪ್ಯೂಟರ್ ಬಂದರೂ ಆ ಮರದ ಒಂದು ಕೊಂಬೆಗೆ ಕಸಿ ಕಟ್ಟಬೇಕು.

ಡಿಸೆಂಬರ್ ಕೊನೆಗೆ ಸರ್ವರಿನ ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡಲು ಶುರು ಮಾಡಿತು. ಲ್ಯಾಬ್ ಸರ್ ಎಸ್‌ಪಿ ರೋಡಿಗೆ ಹೋಗಿ ಹೊಸ ಡಿಸ್ಕ್ ತಂದು, ಇದ್ದ ಉಬುಂಟು 20.04ರ ಬದಲು 22.04 ಹಾಕಿ, ಬ್ಯಾಕಪ್‌ನಿಂದ ನಮ್ಮ ಫೈಲುಗಳನ್ನೆಲ್ಲ ವಾಪಸ್ ಕಾಪಿ ಮಾಡಿದರು. ಫೈಲುಗಳು ಕ್ಷೇಮ. ಸೋಮವಾರ ಲ್ಯಾಬ್ ತೆರೆದಾಗ ಮಾತ್ರ ಒಂದು ಕಂಪ್ಯೂಟರಿಗೂ ರೆಕಾರ್ಡ್ಸ್ ಸಿಗಲಿಲ್ಲ. ಎಲ್ಲ ಕಡೆ ಒಂದೇ ಸಾಲು: ಮೌಂಟ್ ಎರರ್ 13, ಪರ್ಮಿಷನ್ ಡಿನೈಡ್.

ಶುಕ್ರವಾರ ರೆಕಾರ್ಡ್ ಬುಕ್ ಸಹಿಗೆ ಕೊಡಬೇಕಿತ್ತು. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದವರಿಗೆ ಅಷ್ಟು ಚಿಂತೆ ಇರಲಿಲ್ಲ. ನನ್ನ ಬೆಂಚಿನ ಗೆಳತಿ ಇರುವುದು ಮುರುಗೇಶ್‌ಪಾಳ್ಯದಲ್ಲಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಫೋನ್ ಕೂಡ ಅಣ್ಣನದು. ಅವಳಿಗೆ ಕಂಪ್ಯೂಟರ್ ಅಂದರೆ ವಾರಕ್ಕೆ ಎರಡು ದಿನದ ಲ್ಯಾಬ್ ಮತ್ತು ಸರ್ ಪುರುಸೊತ್ತಿದ್ದಾಗ ಸಂಜೆ ಅಸರ್ ತನಕ ತೆರೆದಿಡುವ ಒಂದು ಗಂಟೆ. ಜೂನ್‌ನಿಂದ ಅವಳು ಟೈಪ್ ಮಾಡಿದ್ದೆಲ್ಲ ಆ ಫೋಲ್ಡರಿನಲ್ಲೇ ಇತ್ತು. ಪ್ರಾಕ್ಟಿಕಲ್‌ಗೆ 30 ಅಂಕ. "ಫೈಲ್ ಇದೆ ಅಂತಾರೆ, ತೆಗೆಯೋಕೆ ಆಗಲ್ಲ ಅಂತಾರೆ. ಇದ್ದರೆ ಎಷ್ಟು, ಬಿಟ್ಟರೆ ಎಷ್ಟು?" ಎಂದು ಅವಳು ಕೇಳಿದಾಗ ಸರ್ ಉತ್ತರ ಕೊಡಲಿಲ್ಲ, ಕುರ್ಚಿ ಎಳೆದುಕೊಂಡು ಸರ್ವರಿಗೆ ಮಾನಿಟರ್ ಜೋಡಿಸಿದರು.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು, ಏಕೆಂದರೆ ಅದು ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ನೆಟ್‌ವರ್ಕಿನಲ್ಲಿ ಫೈಲ್ ಹಂಚಿಕೊಳ್ಳಲು ಎರಡು ಮುಖ್ಯ ಪದ್ಧತಿಗಳಿವೆ. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ತಂದ ಎನ್‌ಎಫ್‌ಎಸ್ ಒಂದು, ಯುನಿಕ್ಸ್ ಕುಟುಂಬದ್ದು. ಇನ್ನೊಂದು ಐಬಿಎಂನಲ್ಲಿ ಹುಟ್ಟಿ ಮೈಕ್ರೋಸಾಫ್ಟ್ ಬೆಳೆಸಿದ ಎಸ್‌ಎಂಬಿ. ವಿಂಡೋಸ್ ಫೋಲ್ಡರ್ ಶೇರ್ ಮಾಡುವುದು ಇದರಲ್ಲೇ.  1991ರ ಕೊನೆಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರ್ಯೂ ಟ್ರಿಜೆಲ್ ಎಂಬ ವಿದ್ಯಾರ್ಥಿ, ತಂತಿಯಲ್ಲಿ ಹೋಗಿಬರುವ ಸಂದೇಶಗಳನ್ನು ಗಮನಿಸಿ ಗಮನಿಸಿ, ಅದೇ ಭಾಷೆ ಮಾತಾಡುವ ಒಂದು ಪ್ರೋಗ್ರಾಂ ಬರೆದರು. ಅದಕ್ಕೆ ಹೆಸರು ಹುಡುಕುವಾಗ ಎಸ್, ಎಂ, ಬಿ ಮೂರೂ ಅಕ್ಷರ ಆ ಕ್ರಮದಲ್ಲಿ ಬರುವ ಪದವನ್ನು ಕಂಪ್ಯೂಟರಿನ ಪದಪಟ್ಟಿಯಲ್ಲೇ ಹುಡುಕಿಸಿದರಂತೆ, ಸಿಕ್ಕಿದ್ದು ಸಾಂಬಾ. ಬ್ರೆಜಿಲ್‌ನ ಕುಣಿತದ ಹೆಸರು. ನಾವು ಕ್ಲಾಸಿನಲ್ಲಿ ಅದನ್ನು ಸಾಂಬಾರ್ ಅನ್ನುತ್ತೇವೆ, ಅದು ಬೇರೆ ವಿಷಯ. ನಮ್ಮ ಸರ್ವರಿನಲ್ಲಿ ಇರುವುದು ಇದೇ ಸಾಂಬಾ; ಆಫೀಸಿನ ವಿಂಡೋಸ್ ಕಂಪ್ಯೂಟರಿಗೂ ಅದೇ ಫೋಲ್ಡರ್ ಬೇಕು ಎಂಬ ಕಾರಣಕ್ಕೆ.

ಸಾಂಬಾ ಮೂಲಕ ಒಂದು ಫೈಲ್ ಮುಟ್ಟಬೇಕಾದರೆ ಒಂದಲ್ಲ, ಹಲವು ಕಡೆ ಅನುಮತಿ ಕೇಳಬೇಕು. ಇದನ್ನು ಸರ್ ನಮ್ಮ ಜೀವನ್ ಬಿಮಾ ನಗರದ ಅಪಾರ್ಟ್‌ಮೆಂಟ್ ಲೆಕ್ಕದಲ್ಲಿ ಹೇಳಿಕೊಟ್ಟರು. ಗೇಟಿನಲ್ಲಿ ವಾಚ್‌ಮನ್ ರಿಜಿಸ್ಟರ್ ನೋಡುತ್ತಾನೆ. ಅವನು ಬಿಟ್ಟ ಮಾತ್ರಕ್ಕೆ ಮೂರನೇ ಮಹಡಿಯ ಮನೆಯವರು ಬಾಗಿಲು ತೆಗೆಯಬೇಕೆಂದಿಲ್ಲ. ಅವರು ತೆಗೆದು ಕೂರಿಸಿ ಚಹಾ ಕೊಟ್ಟರೂ ಒಳಗಿನ ಬೀರುವಿಗೆ ಕೈ ಹಾಕುವಂತಿಲ್ಲ. ದೀನಿಯಾತ್ ಕ್ಲಾಸಿನಲ್ಲಿ ನಾವು ಇಜಾಜತ್ ಪಾಠ ಓದಿದ್ದೇವೆ. ಬೇರೆಯವರ ಮನೆಗೆ ಹೋಗುವ ಮೊದಲು ಸಲಾಂ ಹೇಳಿ ಅನುಮತಿ ಕೇಳಬೇಕೆಂದು ಸೂರಃ ನೂರ್‌ನಲ್ಲಿದೆ, ಮೂರು ಸಲ ಕೇಳಿಯೂ ಉತ್ತರವಿಲ್ಲದಿದ್ದರೆ ಹಿಂದಿರುಗಬೇಕೆಂದು ಹದೀಸ್‌ನಲ್ಲಿದೆ. ಕಂಪ್ಯೂಟರ್ ಮಾತ್ರ ಗೇಟಿನಲ್ಲಿ ನಿಲ್ಲಿಸಿದರೂ, ಬೀರುವಿನ ಮುಂದೆ ನಿಲ್ಲಿಸಿದರೂ ಅದೇ ಎರಡು ಪದ ಹೇಳುತ್ತದೆ. ಆದ್ದರಿಂದ ಕೆಲಸವೆಲ್ಲ ಇರುವುದು ಯಾವ ಬಾಗಿಲಲ್ಲಿ ತಡೆದರು ಎಂದು ಕಂಡುಹಿಡಿಯುವುದರಲ್ಲಿ.

ಸೋಮವಾರ ಎಲ್ಲರ ಅನುಮಾನ ಪಾಸ್‌ವರ್ಡ್ ಮೇಲೆ. "ಸ್ಟೂಡೆಂಟ್" ಎಂಬ ಹೆಸರಿಗೆ ಹಳೆಯ ಪಾಸ್‌ವರ್ಡನ್ನೇ ಇಟ್ಟಿದ್ದೇನೆ ಎಂದು ಸರ್ ಹೇಳಿದರು. ಸರ್ವರಿನ ಮುಂದೆಯೇ ಕೂತು ಆ ಹೆಸರಿನಲ್ಲಿ ಲಾಗಿನ್ ಆದರೆ ಆಗುತ್ತದೆ. ನೆಟ್‌ವರ್ಕಿನಿಂದ ಆಗುವುದಿಲ್ಲ. ಆಗ ಸರ್ ಮೌಂಟ್ ಕಮಾಂಡ್ ಬಿಟ್ಟು ಎಸ್‌ಎಂಬಿ ಕ್ಲೈಂಟ್ ಎಂಬ ಚಿಕ್ಕ ಕಮಾಂಡನ್ನು ಓಡಿಸಿದರು. ಇದು ಮೌಂಟ್ ಮಾಡದೆ ಸುಮ್ಮನೆ ಸರ್ವರ್ ಜೊತೆ ಮಾತಾಡಿ ನೋಡುವ ಕಮಾಂಡ್. ಇದರ ಉತ್ತರ ಹೆಚ್ಚು ಸ್ಪಷ್ಟ. ಪಾಸ್‌ವರ್ಡ್ ತಪ್ಪಾಗಿದ್ದರೆ ಅದು ಲಾಗಾನ್ ಫೇಲ್ಯೂರ್ ಎನ್ನುತ್ತದೆ. ನಮಗೆ ಬಂದದ್ದು ಟ್ರೀ ಕನೆಕ್ಟ್ ಫೇಲ್ಡ್, ಆಕ್ಸೆಸ್ ಡಿನೈಡ್. ಅಂದರೆ ಗೇಟು ದಾಟಿದ್ದೇವೆ, ಮನೆ ಬಾಗಿಲಲ್ಲಿ ನಿಂತಿದ್ದೇವೆ. ಪಾಸ್‌ವರ್ಡ್ ಸರಿ ಇದೆಯೆಂದು ನಾವು ಖುಷಿಪಟ್ಟೆವು. ಸರ್ ತಲೆ ಅಲ್ಲಾಡಿಸಿದರು.

ವಿಷಯ ಹೀಗಿತ್ತು. ಸಾಂಬಾ ಲಿನಕ್ಸಿನ ಪಾಸ್‌ವರ್ಡ್ ಪುಸ್ತಕವನ್ನು ನೋಡುವುದೇ ಇಲ್ಲ. ಅದಕ್ಕೆ ಅದರದೇ ಬೇರೆ ಪುಸ್ತಕ ಇದೆ. ಎಸ್‌ಎಂಬಿಪಾಸ್‌ಡಬ್ಲ್ಯೂಡಿ ಎಂಬ ಕಮಾಂಡಿನಿಂದ ಹೆಸರನ್ನು ಅದರಲ್ಲಿ ಬೇರೆಯಾಗಿ ಸೇರಿಸಬೇಕು. ಹೊಸ ಡಿಸ್ಕಿನಲ್ಲಿ ಲಿನಕ್ಸ್ ಖಾತೆ ಇತ್ತು, ಸಾಂಬಾ ಪುಸ್ತಕ ಖಾಲಿ ಇತ್ತು. ಹಾಗಾದರೆ ಗೇಟಿನಲ್ಲೇ ಏಕೆ ತಡೆಯಲಿಲ್ಲ? ಉಬುಂಟುವಿನ ಸಾಂಬಾದಲ್ಲಿ ಮೊದಲಿನಿಂದಲೇ ಒಂದು ನಿಯಮ ಬರೆದಿರುತ್ತದೆ: ಪುಸ್ತಕದಲ್ಲೇ ಇಲ್ಲದ ಹೆಸರು ಹೇಳಿಕೊಂಡು ಬಂದವರನ್ನು ಅತಿಥಿ ಎಂದು ಒಳಗೆ ಬಿಡು. ಹೆಸರು ಇದ್ದು ಪಾಸ್‌ವರ್ಡ್ ತಪ್ಪಾದರೆ ಮಾತ್ರ ಹೊರಗೆ ಹಾಕು. ನಮ್ಮನ್ನು ಅತಿಥಿ ಎಂದು ಬಿಟ್ಟಿತ್ತು. ರೆಕಾರ್ಡ್ಸ್ ಫೋಲ್ಡರಿಗೆ ಅತಿಥಿಗಳಿಗೆ ಪ್ರವೇಶವಿಲ್ಲ. ಆದ್ದರಿಂದ ಎರಡನೇ ಬಾಗಿಲಲ್ಲಿ ನಿಲ್ಲಿಸಿತು. ಇಡೀ ಐದು ದಿನದಲ್ಲಿ ನನಗೆ ತುಂಬ ಇಷ್ಟವಾದ ಪತ್ತೇದಾರಿ ಇದೇ. ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ಯಾರೂ ನೋಡಿಯೇ ಇರಲಿಲ್ಲ.

ಹೆಸರು ಸೇರಿಸಿದರು. ಮತ್ತೆ ಮೌಂಟ್. ಮತ್ತೆ 13.

ಲುಹರ್ ಬಿಡುವು ಮುಗಿದ ಮೇಲೆ ಸರ್ ಸರ್ವರಿನಲ್ಲಿ ಸಾಂಬಾ ಬರೆದಿಡುವ ಲಾಗ್ ತೆರೆದರು. ಲಾಗ್ ಅಂದರೆ ಯಂತ್ರದ ದಿನಚರಿ. ಇಂಥ ಖಾತೆಯಾಗಿ ಈ ಫೋಲ್ಡರಿನೊಳಗೆ ಕಾಲಿಡಲು ಹೋದೆ, ಆಗಲಿಲ್ಲ ಎಂಬ ಅರ್ಥದ ಸಾಲು ಅಲ್ಲಿತ್ತು. ಈ ಸಲ ಇಲ್ಲ ಅಂದದ್ದು ಸಾಂಬಾ ಅಲ್ಲ, ಅದರ ಕೆಳಗಿರುವ ಲಿನಕ್ಸ್. ನಮ್ಮ ಫೋಲ್ಡರ್ ಇದ್ದದ್ದು ಹೋಮ್ ಡೈರೆಕ್ಟರಿಯ ಒಳಗೆ ಸರ್ ಅವರ ಖಾತೆಯ ಒಳಗೆ. ಫೋಲ್ಡರಿಗೆ ಬೇಕಾದ ಅನುಮತಿ ಕೊಟ್ಟಿದ್ದರು. ಆದರೆ ಲಿನಕ್ಸ್‌ನಲ್ಲಿ ಒಂದು ಫೋಲ್ಡರ್ ತಲುಪಬೇಕಾದರೆ ದಾರಿಯಲ್ಲಿ ಬರುವ ಪ್ರತಿಯೊಂದು ಫೋಲ್ಡರನ್ನೂ ದಾಟುವ ಹಕ್ಕು ಬೇಕು. ಎಲ್‌ಎಸ್ ಕಮಾಂಡಿನಲ್ಲಿ ಆರ್, ಡಬ್ಲ್ಯೂ, ಎಕ್ಸ್ ಎಂದು ಬರುತ್ತದಲ್ಲ, ಫೋಲ್ಡರ್ ವಿಷಯದಲ್ಲಿ ಎಕ್ಸ್ ಅಂದರೆ ಓಡಿಸುವುದಲ್ಲ, ದಾಟಿಹೋಗುವುದು. ಉಬುಂಟು 20.04ರಲ್ಲಿ ಹೊಸ ಹೋಮ್ ಫೋಲ್ಡರಿಗೆ 755 ಎಂಬ ಅನುಮತಿ ಇರುತ್ತಿತ್ತು. ಯಾರು ಬೇಕಾದರೂ ದಾಟಬಹುದಿತ್ತು. 21.04ರಿಂದ ಅದನ್ನು 750 ಮಾಡಿದರು. ಹೊರಗಿನವರಿಗೆ ಏನೂ ಇಲ್ಲ. ಹಳೆಯ ಸರ್ವರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ವ್ಯವಸ್ಥೆ, ಅದೇ ಫೈಲು, ಅದೇ ಸೆಟ್ಟಿಂಗು, ಹೊಸದಾಗಿ ಹಾಕಿದ ಕೂಡಲೇ ನಿಂತದ್ದು ಇದರಿಂದ. ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದ್ದು ನೇಮ್‌ಐ ಎಂಬ ಕಮಾಂಡ್. ಪೂರ್ತಿ ದಾರಿ ಕೊಟ್ಟರೆ ಒಂದೊಂದು ಮೆಟ್ಟಿಲಿನ ಅನುಮತಿಯನ್ನೂ ಒಂದರ ಕೆಳಗೊಂದು ಬರೆದು ತೋರಿಸುತ್ತದೆ. ಪಠ್ಯಪುಸ್ತಕದಲ್ಲಿ ಇದು ಏಕಿಲ್ಲವೋ ನನಗೆ ತಿಳಿಯದು.

ಸರ್ ಇಡೀ ಫೋಲ್ಡರನ್ನು ಎಸ್‌ಆರ್‌ವಿ ಎಂಬ ಡೈರೆಕ್ಟರಿಗೆ ಸ್ಥಳಾಂತರಿಸಿದರು. ಬೇರೆಯವರಿಗೆ ಒದಗಿಸುವ ಫೈಲುಗಳನ್ನು ಇಡಲೆಂದೇ ಲಿನಕ್ಸ್‌ನಲ್ಲಿರುವ ಜಾಗ ಅದು. ಮಂಗಳವಾರ ಬೆಳಿಗ್ಗೆ ಮೌಂಟ್ ಆಯಿತು. ಗೆಳತಿಯ ಫೋಲ್ಡರ್ ಕಂಡಿತು, 14 ಪ್ರೋಗ್ರಾಂ, ಒಂದೂ ಕಡಿಮೆಯಾಗಿಲ್ಲ. ಅವಳು ಅಲ್‌ಹಮ್ದುಲಿಲ್ಲಾಹ್ ಎಂದು 15ನೆಯದನ್ನು ಟೈಪ್ ಮಾಡಿ ಸೇವ್ ಒತ್ತಿದಳು. ಪರ್ಮಿಷನ್ ಡಿನೈಡ್.

ಈ ಹಂತದ ತೊಂದರೆ ಅತಿ ಸಾಮಾನ್ಯವಾದದ್ದು, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಮೌಂಟ್ ಮಾಡಲು ಸುಡೊ ಬೇಕು, ಅಂದರೆ ರೂಟ್ ಆಗಿ ಮಾಡುತ್ತೇವೆ. ಬೇರೇನೂ ಹೇಳದಿದ್ದರೆ ಅಲ್ಲಿರುವ ಎಲ್ಲ ಫೈಲುಗಳೂ ನಮ್ಮ ಕಂಪ್ಯೂಟರಿಗೆ ರೂಟ್‌ನ ಫೈಲುಗಳಂತೆ ಕಾಣುತ್ತವೆ. ನಾವು ಓದಬಹುದು, ಬರೆಯುವಂತಿಲ್ಲ. ಅಲ್ಲಿ ಹೋಗಿ ಸಿಎಚ್‌ಮಾಡ್, ಸಿಎಚ್‌ಓನ್ ಎಂದು ಎಷ್ಟು ಬಡಿದರೂ ಸಾಮಾನ್ಯವಾಗಿ ಏನೂ ಬದಲಾಗುವುದಿಲ್ಲ, ಏಕೆಂದರೆ ಕಾಣುತ್ತಿರುವುದು ನಿಜವಾದ ಮಾಲೀಕತ್ವ ಅಲ್ಲ, ಮೌಂಟ್ ಮಾಡುವಾಗ ಹಾಕಿದ ಬಣ್ಣ. ಮೌಂಟ್ ಮಾಡುವಾಗಲೇ ಯುಐಡಿ, ಜಿಐಡಿ ಎಂಬ ಆಯ್ಕೆ ಕೊಟ್ಟು ಇದು ಇಂಥವರದು ಎಂದು ಹೇಳಬೇಕು. ಎಫ್‌ಎಸ್‌ಟ್ಯಾಬ್ ಫೈಲಿನ ಆ ಒಂದು ಸಾಲಿಗೆ ಯುಐಡಿ 1000 ಎಂದು ಸೇರಿಸಿ 24 ಕಂಪ್ಯೂಟರಿಗೂ ಹಾಕಿದೆವು. 18ರಲ್ಲಿ ಸರಿಹೋಯಿತು, ಆರರಲ್ಲಿ ಹೋಗಲಿಲ್ಲ.

ಆ ಆರು ಕಂಪ್ಯೂಟರುಗಳಲ್ಲಿ ಮೊದಲು ಸರ್ ಅವರ ಖಾತೆ ಮಾಡಿ, ಆಮೇಲೆ ಸ್ಟೂಡೆಂಟ್ ಖಾತೆ ಮಾಡಲಾಗಿತ್ತು. ಲಿನಕ್ಸ್‌ಗೆ ಹೆಸರು ಮುಖ್ಯವಲ್ಲ, ನಂಬರು ಮುಖ್ಯ. ಮೊದಲ ಖಾತೆಗೆ 1000, ಎರಡನೆಯದಕ್ಕೆ 1001. ಹೀಗಾಗಿ ಆ ಆರರಲ್ಲಿ 1000 ಅಂದರೆ ಸರ್. ಐಡಿ ಎಂಬ ಎರಡಕ್ಷರದ ಕಮಾಂಡ್ ಓಡಿಸಿದರೆ ಇದು ತಕ್ಷಣ ತಿಳಿಯುತ್ತದೆ. ನಂಬರಿನ ಬದಲು ಹೆಸರನ್ನೇ ಬರೆದರೂ ಈ ಮೌಂಟ್ ಒಪ್ಪುತ್ತದೆ. ಹಾಗೆ ಬರೆದ ಮೇಲೆ ಎಲ್ಲ ಒಂದೇ ಆಯಿತು.

ಎನ್‌ಎಫ್‌ಎಸ್ ಆಗಿದ್ದರೆ ಇದೇ ನಂಬರಿನ ವಿಷಯ ಇನ್ನೂ ದೊಡ್ಡ ತಲೆನೋವಾಗುತ್ತಿತ್ತು. ಅಲ್ಲಿ ಸಾಮಾನ್ಯ ವ್ಯವಸ್ಥೆಯಲ್ಲಿ ಪಾಸ್‌ವರ್ಡ್ ಕೇಳುವುದೇ ಇಲ್ಲ. ನಮ್ಮ ಕಂಪ್ಯೂಟರ್ ನಾನು 1000 ಎಂದರೆ ಸರ್ವರ್ ಸರಿ ಎಂದು ನಂಬುತ್ತದೆ. ಸರ್ವರಿನಲ್ಲಿ 1000 ಬೇರೆಯವರಾಗಿದ್ದರೆ ನಾವು ಅವರಾಗಿಬಿಡುತ್ತೇವೆ. ಸುಡೊ ಹಾಕಿ ರೂಟ್ ಆಗಿ ಬರೆಯೋಣ ಅಂದರೆ ರೂಟ್ ಸ್ಕ್ವಾಷ್ ಎಂಬ ನಿಯಮ ಅಡ್ಡ ಬರುತ್ತದೆ: ದೂರದಿಂದ ಬಂದ ರೂಟನ್ನು ಸರ್ವರ್ ನೋಬಡಿ ಎಂಬ 65534ನೇ ನಂಬರಿನ, ಯಾವ ಹಕ್ಕೂ ಇಲ್ಲದ ಖಾತೆಯಾಗಿ ಮಾಡಿಬಿಡುತ್ತದೆ. ತನ್ನ ಊರಿನಲ್ಲಿ ರಾಜ, ಇಲ್ಲಿ ಯಾರೂ ಅಲ್ಲ. ಸುಡೊ ಹಾಕಿದರೂ ಪರ್ಮಿಷನ್ ಡಿನೈಡ್ ಬರುವ ವಿಚಿತ್ರ ನೋಡಬೇಕಿದ್ದರೆ ಎನ್‌ಎಫ್‌ಎಸ್ ಹಾಕಿ ನೋಡಿ.

ನಮ್ಮ ಕಡೆ ಸರಿಯಾದ ಮೇಲೂ ಸೇವ್ ಆಗಲಿಲ್ಲ. ಇನ್ನು ಉಳಿದದ್ದು ಸರ್ವರಿನ ಕಡೆಯ ಎರಡು ಬಾಗಿಲು. ಸಾಂಬಾದಲ್ಲಿ ಒಂದು ಫೋಲ್ಡರನ್ನು ಶೇರ್ ಮಾಡಿ, ಬರೆಯಬಹುದು ಎಂದು ನಿರ್ದಿಷ್ಟವಾಗಿ ಹೇಳದಿದ್ದರೆ ಅದು ಓದಲು ಮಾತ್ರ. ಟೆಸ್ಟ್‌ಪಾರ್ಮ್ ಎಂಬ ಕಮಾಂಡಿನಿಂದ ಸೆಟ್ಟಿಂಗ್ ಓದಿ ನೋಡಿದಾಗ ಹಳೆಯ ಫೈಲಿನಲ್ಲಿದ್ದ ರೀಡ್ ಓನ್ಲಿ ನೋ ಎಂಬ ಸಾಲು ಹೊಸದರಲ್ಲಿ ಬಂದಿರಲಿಲ್ಲ. ಅದನ್ನು ಸೇರಿಸಿದರು. ಕೊನೆಯದು ಬೀರು: ಬ್ಯಾಕಪ್‌ನಿಂದ ಕಾಪಿ ಮಾಡಿದ್ದು ರೂಟ್ ಆಗಿ, ಆದ್ದರಿಂದ ಸರ್ವರಿನ ಡಿಸ್ಕಿನಲ್ಲಿ ನಮ್ಮೆಲ್ಲರ ಫೈಲೂ ನಿಜವಾಗಿಯೇ ರೂಟ್‌ನದಾಗಿತ್ತು. ಈ ಸಲ ಬಣ್ಣವಲ್ಲ, ಅಸಲಿ.

ಇಲ್ಲಿಂದ ಮುಂದಿನದು ಬರೀ ತಂತ್ರಜ್ಞಾನವಲ್ಲ. ಬುಧವಾರ ನಮ್ಮ ಕಾಲೇಜಿನದೇ ಹಳೆಯ ವಿದ್ಯಾರ್ಥಿಯೊಬ್ಬರು ಬಂದಿದ್ದರು. ತಿಪ್ಪಸಂದ್ರದ ಕಡೆ ಕಂಪ್ಯೂಟರ್ ರಿಪೇರಿ ಮಾಡುತ್ತಾರೆ, ನಾವೆಲ್ಲ ಭಾಯ್ ಅನ್ನುತ್ತೇವೆ. ಅವರು ಸ್ಕ್ರೀನ್ ನೋಡಿ, "ಇಷ್ಟಕ್ಕೆ ಮೂರು ದಿನಾನಾ ಸರ್? ಸಿಎಚ್‌ಮಾಡ್ 777 ಹೊಡೀರಿ, ಎಲ್ಲ ತೆರಕೊಳ್ಳುತ್ತೆ" ಅಂದರು. ನಿಜ. 777 ಅಂದರೆ ಎಲ್ಲರಿಗೂ ಎಲ್ಲ ಹಕ್ಕು. ಒಂದು ಸಾಲಿನ ಕೆಲಸ, ಅರ್ಧ ನಿಮಿಷ. ಅಂತರ್ಜಾಲದಲ್ಲಿ ಕೇಳಿದರೂ ಹತ್ತರಲ್ಲಿ ಏಳು ಜನ ಕೊಡುವ ಉತ್ತರ ಅದೇ ಇರಬಹುದು. ಕ್ಲಾಸಿನ ಅರ್ಧ ಜನ "ಹಾಕಿ ಸರ್, ಹಾಕಿ ಸರ್" ಎಂದು ಕೂಗಿದರು. ಶುಕ್ರವಾರಕ್ಕೆ ಎರಡೇ ದಿನ.

ಗೆಳತಿ ಒಂದೇ ಪ್ರಶ್ನೆ ಕೇಳಿದಳು. "ಹಾಗೆ ಮಾಡಿದರೆ ನನ್ನ ಫೈಲನ್ನ ಯಾರು ಬೇಕಾದರೂ ಅಳಿಸಬಹುದಾ ಭಾಯ್?"

ಭಾಯ್ ನಕ್ಕು, "ಯಾರಮ್ಮಾ ಅಳಿಸ್ತಾರೆ?" ಅಂದರು. ಯಾರೂ ಬೇಕೆಂದು ಅಳಿಸುವುದಿಲ್ಲ ಅನ್ನುವುದು ನನಗೂ ಗೊತ್ತು. ಆದರೆ ಲಿನಕ್ಸಿನ ಒಂದು ನಿಯಮ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ: ಒಂದು ಫೈಲನ್ನು ಅಳಿಸಲು ಆ ಫೈಲಿನ ಮೇಲೆ ಹಕ್ಕು ಬೇಕಿಲ್ಲ, ಅದು ಇರುವ ಫೋಲ್ಡರಿನಲ್ಲಿ ಬರೆಯುವ ಹಕ್ಕಿದ್ದರೆ ಸಾಕು. ಏಕೆಂದರೆ ಅಳಿಸುವುದು ಅಂದರೆ ಫೋಲ್ಡರಿನ ಪಟ್ಟಿಯಿಂದ ಹೆಸರು ತೆಗೆಯುವುದು. ನಿಮ್ಮ ಫೈಲಿಗೆ ನೀವು ಎಷ್ಟು ಬೀಗ ಹಾಕಿದರೂ ಫೋಲ್ಡರ್ 777 ಆಗಿದ್ದರೆ ಪಕ್ಕದವರು ಅದನ್ನು ಎತ್ತಿ ಎಸೆಯಬಹುದು. ಇದನ್ನು ತಡೆಯಲು ಸ್ಟಿಕಿ ಬಿಟ್ ಎಂಬ ಒಂದು ಗುರುತು ಇದೆ, ಟೆಂಪ್ ಫೋಲ್ಡರಿಗೆ ಅದು ಇರುತ್ತದೆ. ಅದಿದ್ದರೆ ಅವರವರದ್ದನ್ನು ಅವರವರೇ ಅಳಿಸಬಹುದು. ಆದರೆ ನಾವೆಲ್ಲ ಸ್ಟೂಡೆಂಟ್ ಎಂಬ ಒಂದೇ ಹೆಸರಿನಲ್ಲಿ ಬರುವಾಗ ಸರ್ವರಿಗೆ ಅವರವರು ಎಂಬುದೇ ಇಲ್ಲ. 41 ಜನಕ್ಕೆ ಒಂದೇ ಮುಖ. ಇದು ಡಿಸ್ಕ್ ಬದಲಾಯಿಸುವ ಮೊದಲೂ ಹಾಗೇ ಇತ್ತು, ನಾವು ಯೋಚಿಸಿರಲಿಲ್ಲ. ಗೆಳತಿಗೆ ಈ ಲೆಕ್ಕವೆಲ್ಲ ಗೊತ್ತಿರಲಿಲ್ಲ. ಆದರೆ ಬೇರೆ ಕಾಪಿ ಇಲ್ಲದವರು ಕೇಳುವ ಪ್ರಶ್ನೆಯೇ ಬೇರೆ. ನನ್ನ ಪ್ರೋಗ್ರಾಂ ಹೋದರೆ ಪೆನ್‌ಡ್ರೈವ್‌ನಲ್ಲಿ ಇನ್ನೊಂದಿದೆ.

ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅದೇ ಡಿಸ್ಕಿನಲ್ಲಿದ್ದ ಇನ್ನೊಂದು ಫೋಲ್ಡರ್ ತೋರಿಸಿದರು, ಇಂಟರ್ನಲ್ ಅಂಕಗಳ ಪಟ್ಟಿ. "ಇದು ನಿಮ್ಮೆಲ್ಲರ ಅಮಾನತ್. ನಾನು ಆತುರಕ್ಕೆ ಎಲ್ಲ ಬಾಗಿಲು ತೆಗೆದರೆ ಸಂಜೆ ನಾನೇ ಕಾವಲು ಕೂರಬೇಕಾಗುತ್ತೆ" ಅಂದರು. ಭಾಯ್ ಮರುಮಾತಾಡದೆ ತಮ್ಮ ಬ್ಯಾಗ್ ಕೆಳಗಿಟ್ಟು ಇನ್ನೊಂದು ಕುರ್ಚಿ ತಂದರು. ಆ ಮೇಲಿನ ಕೆಲಸದಲ್ಲಿ ಅರ್ಧ ಅವರದೇ.

ಮಾಡಿದ್ದು ಹೀಗೆ. ಎಲ್ಲರಿಗೂ ಒಂದೇ ಫೋಲ್ಡರ್ ಎಂಬುದನ್ನು ಬಿಟ್ಟು, ಸರ್ವರಿನಲ್ಲಿ 41 ಜನಕ್ಕೂ ರಿಜಿಸ್ಟರ್ ನಂಬರಿನ ಹೆಸರಿನಲ್ಲಿ ಬೇರೆ ಬೇರೆ ಖಾತೆ. ಸಾಂಬಾದಲ್ಲಿ ಹೋಮ್ಸ್ ಎಂಬ ವಿಶೇಷ ವಿಭಾಗ ಇದೆ. ಅದನ್ನು ತೆರೆದರೆ ಯಾರು ಯಾವ ಹೆಸರಿನಲ್ಲಿ ಬರುತ್ತಾರೋ ಅವರಿಗೆ ಅವರದೇ ಹೋಮ್ ಫೋಲ್ಡರ್ ತಾನಾಗಿ ಕಾಣುತ್ತದೆ. ಒಬ್ಬೊಬ್ಬರಿಗೂ ಬೇರೆ ಸಾಲು ಬರೆಯಬೇಕಿಲ್ಲ. ಫೋಲ್ಡರ್ ಯಾರ ಹೆಸರಿನದೋ ಅವರಿಗೆ ಮಾತ್ರ ಎಂದು ಇನ್ನೊಂದು ಸಾಲು. ಸೋಮವಾರ ನಮ್ಮನ್ನು ಹೊರಗೆ ನಿಲ್ಲಿಸಿದ ಆ 750 ಇಲ್ಲಿ ನಮ್ಮನ್ನು ಕಾಯುವ ಗೋಡೆಯಾಯಿತು. ಪ್ರಶ್ನೆಪತ್ರಿಕೆ, ಮಾದರಿ ಪ್ರೋಗ್ರಾಂಗಳಿಗೆ ಓದಲು ಮಾತ್ರ ಬರುವ ಒಂದು ಸಾಮಾನ್ಯ ಫೋಲ್ಡರ್. ಅಂಕಗಳ ಪಟ್ಟಿಯನ್ನು ಸರ್ ಆ ಡಿಸ್ಕಿನಿಂದಲೇ ತೆಗೆದರು. 41 ಖಾತೆ ಕೈಯಲ್ಲಿ ಮಾಡುತ್ತ ಕೂತರೆ ದಿನ ಹಿಡಿಯುತ್ತದೆ. ರಿಜಿಸ್ಟರ್ ನಂಬರಿನ ಪಟ್ಟಿಯನ್ನು ಓದಿ ಒಂದೊಂದಾಗಿ ಖಾತೆ ಮಾಡುವ ಎಂಟು ಸಾಲಿನ ಸ್ಕ್ರಿಪ್ಟ್ ನಾನು ಬರೆದೆ. ಕ್ಲಾಸಿನಲ್ಲಿ ಲೂಪ್ ಕಲಿತು ಎರಡು ವರ್ಷವಾದರೂ ಅದರಿಂದ ನಿಜವಾದ ಒಂದು ಕೆಲಸ ಆದದ್ದು ಅವತ್ತೇ ಮೊದಲು. ಸಾಂಬಾ ಪಾಸ್‌ವರ್ಡನ್ನು ಮಾತ್ರ ಗುರುವಾರ ಒಬ್ಬೊಬ್ಬರೂ ಸಾಲಿನಲ್ಲಿ ಬಂದು ಸರ್ವರಿನ ಮುಂದೆ ಕೂತು ತಾವೇ ಟೈಪ್ ಮಾಡಿದರು. ಉಳಿದವರು ಕಿಟಕಿ ಕಡೆ ಮುಖ ಮಾಡಿ ನಿಲ್ಲಬೇಕೆಂದು ಸರ್ ಆಜ್ಞೆ.

ಹಳೆಯ ಫೈಲುಗಳನ್ನು ಯಾರದು ಯಾವುದೆಂದು ಬೇರೆ ಮಾಡುವುದೇ ದೊಡ್ಡ ಕೆಲಸವಾಯಿತು. ರಿಜಿಸ್ಟರ್ ನಂಬರಿನ ಫೋಲ್ಡರ್ ಮಾಡಿಕೊಂಡವರದು ಸುಲಭ. ಫೈನಲ್, ಫೈನಲ್ 2, ನಿಜವಾದ ಫೈನಲ್ ಎಂದು ಹೆಸರಿಟ್ಟವರು ಬಂದು ತಮ್ಮ ಮಕ್ಕಳನ್ನು ತಾವೇ ಗುರುತಿಸಿ ಕರೆದುಕೊಂಡು ಹೋಗಬೇಕಾಯಿತು. ಒಬ್ಬನ ಕನ್ನಡ ಹೆಸರಿನ ಫೈಲುಗಳು ಒಂದು ಹಳೆಯ ಕಂಪ್ಯೂಟರಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತಿದ್ದವು. ಅಕ್ಷರ ವ್ಯವಸ್ಥೆ ಯುಟಿಎಫ್ 8 ಎಂದು ಮೌಂಟ್ ಸಾಲಿನಲ್ಲಿ ಹೇಳಿದ ಮೇಲೆ ಕನ್ನಡ ಮರಳಿ ಬಂತು.

ಇನ್ನೊಂದು ಸಂಗತಿ, ಬೇರೆ ಲ್ಯಾಬಿನವರಿಗೆ ಬೇಕಾಗಬಹುದು. ಅನುಮತಿಯ ತೊಂದರೆಯಂತೆ ಕಾಣದೆ, ಎರರ್ 112, ಹೋಸ್ಟ್ ಈಸ್ ಡೌನ್ ಎಂದು ಬಂದರೆ, ಸರ್ವರ್ ಆರೋಗ್ಯವಾಗಿಯೇ ಇದ್ದು ಹಳೆಯ ಎಸ್‌ಎಂಬಿ ಒಂದನೇ ಆವೃತ್ತಿ ಮಾತ್ರ ಮಾತಾಡುತ್ತಿರಬಹುದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ವೈರಸ್ ಜಗತ್ತಿನಾದ್ಯಂತ ಹರಡಿದ್ದು ವಿಂಡೋಸ್‌ನ ಆ ಹಳೆಯ ಆವೃತ್ತಿಯಲ್ಲಿದ್ದ ರಂಧ್ರದಿಂದಲೇ. ಅದೇ ವರ್ಷದ 4.13 ಕರ್ನಲ್‌ನಿಂದ ಲಿನಕ್ಸ್ ತಾನಾಗಿ ಆ ಆವೃತ್ತಿ ಬಳಸುವುದನ್ನು ಬಿಟ್ಟಿತು. ಆವೃತ್ತಿ 1.0 ಎಂದು ಬರೆದರೆ ಕೆಲಸ ಆಗುತ್ತದೆ. ಬರೆಯದೆ ಸರ್ವರನ್ನು ಬದಲಾಯಿಸುವುದೇ ಒಳ್ಳೆಯದು. ಫೆಡೋರಾ ಬಳಸುವವರಿಗೆ ಎಲ್ಲ ಅನುಮತಿ ಸರಿಯಿದ್ದೂ ಎಸ್‌ಇಲಿನಕ್ಸ್ ಎಂಬ ಇನ್ನೊಬ್ಬ ಕಾವಲುಗಾರ ತಡೆಯಬಹುದು. ಫೋಲ್ಡರಿಗೆ ಸಾಂಬಾ ಲೇಬಲ್ ಅಂಟಿಸದೆ ಅವನು ಬಿಡುವುದಿಲ್ಲ.

ಇದೆಲ್ಲ ದೊಡ್ಡ ಕಂಪನಿಗಳ ಸಿಸ್ಟಮ್ ಅಡ್ಮಿನ್‌ಗಳ ಕೆಲಸ, ಪಿಯುಸಿಯವರಿಗೆ ಏಕೆ ಎಂದು ನಮ್ಮಲ್ಲೇ ಕೆಲವರು ಕೇಳಿದರು. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಹೈಸ್ಕೂಲಿನಲ್ಲೇ ಲಿನಕ್ಸ್ ಬಳಸುತ್ತಾರೆ. ಕೇರಳ ಸರ್ಕಾರ ಮೊದಲು ಐಟಿ ಅಟ್ ಸ್ಕೂಲ್ ಎಂದು, ಈಗ ಕೈಟ್ ಎಂದು ನಡೆಸುವ ಯೋಜನೆಯಲ್ಲಿ ಶಾಲಾ ಕಂಪ್ಯೂಟರುಗಳಿಗೆ ಉಬುಂಟು ಆಧಾರಿತ ವ್ಯವಸ್ಥೆ ಹಾಕಿಕೊಡುತ್ತಾರೆ, ಅದರ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ನಮ್ಮ ಬೆಂಗಳೂರಿನಲ್ಲಿಯೇ 2001ರಿಂದ ಲಿನಕ್ಸ್ ಬೆಂಗಳೂರು ಎಂಬ ಸಮ್ಮೇಳನ ನಡೆಯುತ್ತಿತ್ತು, ಆಮೇಲೆ ಅದರ ಹೆಸರು ಫಾಸ್ ಡಾಟ್ ಇನ್ ಆಯಿತು. ಆಗ ನಮ್ಮಲ್ಲಿ ಯಾರೂ ಹುಟ್ಟಿರಲಿಲ್ಲ. ಲೈಸೆನ್ಸಿಗೆ ದುಡ್ಡಿಲ್ಲದ ಕಾಲೇಜಿಗೆ ಲಿನಕ್ಸ್ ಬರುತ್ತದೆ ಎಂದು ಹೇಳುವವರಿದ್ದಾರೆ. ಬಂದ ಕಾರಣ ಅದೇ ಇರಬಹುದು. ಆದರೆ ಬಾಗಿಲು ಏಕೆ ಮುಚ್ಚಿದೆ ಎಂದು ಬಿಚ್ಚಿ ನೋಡಲು ನಮಗೆ ಸಿಕ್ಕಿದ್ದು ಅದು ಲಿನಕ್ಸ್ ಆಗಿದ್ದರಿಂದಲೇ.

ಶುಕ್ರವಾರ ಜುಮಾ ಇರುವುದರಿಂದ ಲ್ಯಾಬ್ ಬೇಗ ಮುಚ್ಚುತ್ತದೆ. ಬೆಳಿಗ್ಗೆ 9ಕ್ಕೆ ಗೆಳತಿ 19ನೇ ನಂಬರಿನಲ್ಲಿ ಕೂತಳು. ಆ ಆರರಲ್ಲಿ ಅದೂ ಒಂದು. ಫೈಲ್ ಮ್ಯಾನೇಜರಿನಲ್ಲಿ ಸರ್ವರಿನ ವಿಳಾಸ ಹಾಕಿ, ತನ್ನ ರಿಜಿಸ್ಟರ್ ನಂಬರು, ತನ್ನ ಪಾಸ್‌ವರ್ಡ್ ಕೊಟ್ಟಳು. ಇದಕ್ಕೆ ಸುಡೊ ಬೇಡ, ಎಫ್‌ಎಸ್‌ಟ್ಯಾಬ್ ಬೇಡ, ಯುಐಡಿ ಜಗಳವೂ ಇಲ್ಲ. 16 ಪ್ರೋಗ್ರಾಮೂ ಮುಗಿಸಿ ಪ್ರಿಂಟ್ ತೆಗೆದು 11ಕ್ಕೆ ರೆಕಾರ್ಡ್ ಕೊಟ್ಟಳು.

ಈಗ ಹೊಸ ವ್ಯವಸ್ಥೆಯಲ್ಲಿ ಎಲ್ಲರೂ ನೆನಪಿಡಬೇಕಾದದ್ದು ಒಂದೇ. ಪಾಸ್‌ವರ್ಡ್ ಕೇಳುವ ಕಿಟಕಿಯ ಕೆಳಗೆ ಮೂರು ಆಯ್ಕೆಗಳಿರುತ್ತವೆ: ಕೂಡಲೇ ಮರೆತುಬಿಡು, ಲಾಗೌಟ್ ತನಕ ನೆನಪಿಡು, ಯಾವಾಗಲೂ ನೆನಪಿಡು. ಲ್ಯಾಬಿನಲ್ಲಿ ಮೊದಲನೆಯದನ್ನೇ ಆರಿಸಿ. ಕೆಲಸ ಮುಗಿದ ಮೇಲೆ ಪಕ್ಕದ ಪಟ್ಟಿಯಲ್ಲಿ ಕಾಣುವ ಆ ಫೋಲ್ಡರಿನ ಎಜೆಕ್ಟ್ ಗುರುತನ್ನು ಒತ್ತಿಯೇ ಏಳಿ. ಇಲ್ಲದಿದ್ದರೆ ಮುಂದೆ ಕೂತವರು ನೀವಾಗಿರುತ್ತಾರೆ.

ಸರ್ವರಿನ ಪಕ್ಕದ ಗೋಡೆಗೆ ಸರ್ ಒಂದು ಹಾಳೆ ಅಂಟಿಸಿದ್ದಾರೆ, ಮೌಂಟ್ ಆಗದಿದ್ದರೆ ನೋಡಬೇಕಾದ ಕ್ರಮ: ಎಸ್‌ಎಂಬಿ ಕ್ಲೈಂಟ್ ಏನನ್ನುತ್ತದೆ, ಸಾಂಬಾ ಪುಸ್ತಕದಲ್ಲಿ ಹೆಸರಿದೆಯೇ, ಟೆಸ್ಟ್‌ಪಾರ್ಮ್ ಏನನ್ನುತ್ತದೆ, ನೇಮ್‌ಐ ಏನನ್ನುತ್ತದೆ. ಅದರ ತಲೆಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಕನ್ನಡ ಅಕ್ಷರದಲ್ಲೇ ದಖ್ನಿ ಬರೆದಿದ್ದಾರೆ: ಪೈಲೇ ಕೇಬಲ್ ದೇಖೋ.